ಕರಡಿಗೆಯ ಕೆಳಗಿನ ಉರಿ

ಹೂವಪ್ಪ ಲಿಂಗೈಕ್ಯನಾದದ್ದು ಕಾರ್ತಿಕದಲ್ಲಿ. ಮಣ್ಣು ಕೊಡುವ ಹೊತ್ತಿಗೆ ಮಠದ ಅಯ್ಯನವರು ಪದ್ಧತಿಯಂತೆ ಅವನ ಇಷ್ಟಲಿಂಗವನ್ನು ಅವನ ಎಡ ಅಂಗೈಯಲ್ಲಿಟ್ಟರು. ಲಿಂಗವನ್ನು ಇಟ್ಟುಕೊಳ್ಳುತ್ತಿದ್ದ ಕರಡಿಗೆಯನ್ನು ಮಾತ್ರ ಕೊರಳ ಶಿವದಾರದಿಂದ ಬಿಚ್ಚಿ ಹೆಂಡತಿ ಬಾಳವ್ವನ ಕೈಗೆ ಕೊಟ್ಟರು. ಲಿಂಬೆಹಣ್ಣಿನ ಗಾತ್ರದ ಗುಂಡನೆಯ, ಬೆಳ್ಳಗಿನ ಕರಡಿಗೆ ಅದು. ಬಾಳವ್ವ ಮನೆಗೆ ಬಂದು ಸ್ನಾನ ಮಾಡಿದಳು. ತನ್ನ ಲಿಂಗವನ್ನು ತನ್ನ ಸಣ್ಣ ಕರಡಿಗೆಯಿಂದ ತೆಗೆದು ಗಂಡನ ಕರಡಿಗೆಯಲ್ಲಿ ಇಟ್ಟು, ಕೊರಳಿಗೆ ಹಾಕಿಕೊಂಡಳು. ಮಗ ಸಿದ್ದಲಿಂಗ, ಸೊಸೆ ನಿರ್ಮಲಾ ಅದನ್ನು ಬಾಗಿಲಲ್ಲಿ ನಿಂತು ನೋಡಿದರು.

ಆ ಕರಡಿಗೆಯ ಹೊಟ್ಟೆಯಲ್ಲಿ ಒಂದು ತಗ್ಗು ಇತ್ತು. ಸಿದ್ದಲಿಂಗ ಅಂಬೆಗಾಲಿಡುವ ಕಾಲಕ್ಕೆ, ಅಪ್ಪ ಪೂಜೆಗೆ ಕೂತಿದ್ದಾಗ, ಅದನ್ನು ಎಳೆದು ನೆಲಕ್ಕೆ ಕುಕ್ಕಿದ್ದರಿಂದ ಆದ ತಗ್ಗು ಎಂದು ಬಾಳವ್ವ ಎಲ್ಲರಿಗೂ ಹೇಳುತ್ತಿದ್ದಳು. ಬಾಳವ್ವನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂರುತ್ತಿತ್ತು. ಅಕ್ಕಿ ಆರಿಸುವಾಗ, ಬಾಗಿಲ ಮುಂದಿನ ಕಟ್ಟೆಗೆ ಕೂತಾಗ, ಬಂದವರು ಗಂಡನ ಮಾತು ತೆಗೆದಾಗ ಅವಳ ಕೈ ತಾನಾಗಿ ಎದೆಗೆ ಹೋಗುತ್ತಿತ್ತು. ಅವಳು ಅಳುವವಳಲ್ಲ. ಮೊದಲಿನಿಂದಲೂ ಮಾತಿನ ಹೆಂಗಸು. ನರೇಗಲ್ಲಿನ ಆ ಓಣಿಯಲ್ಲಿ ಅವಳ ಬಾಯಿಗೆ ಹೆದರದವರು ಕಡಿಮೆ. ಗಂಡ ಹೋದ ಮೇಲೆ ಆ ಬಾಯಿ ಮುಚ್ಚಿತು. ಕೇಳಿದ್ದಕ್ಕೆ ಹೂಂ, ಊಹೂಂ ಅಷ್ಟೇ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಬಾಳವ್ವ ಸೆರಗಿನೊಳಗೆ ಕೈ ಹಾಕಿ ತುರಿಸಿಕೊಳ್ಳುವುದನ್ನು ನಿರ್ಮಲಾ ಎರಡು ಮೂರು ಸಲ ನೋಡಿದಳು. ಆಮೇಲೆ ಒಗೆಯಲು ಹಾಕಿದ ಕುಪ್ಪಸದ ಒಳಗಡೆ ಹಳದಿ ಕಲೆ ಕಂಡಿತು.

"ಅತ್ತಿ, ಎದಿ ಮ್ಯಾಲ ಏನಾಗೇತ್ರಿ?"

"ಏನಿಲ್ಲ. ಬೆವರಸಾಲಿ."

"ಬೆವರಸಾಲಿ ಸೋರತಾವೇನ್ರಿ? ತೋರಸ್ರಿ ಇಲ್ಲೆ."

ಬಾಳವ್ವ ತೋರಿಸಲಿಲ್ಲ. ಅರಿಶಿನ ಹಚ್ಚಿಕೊಂಡಳು, ಕೊಬ್ಬರಿ ಎಣ್ಣೆ ಹಚ್ಚಿಕೊಂಡಳು, ವಿಭೂತಿ ಉದುರಿಸಿಕೊಂಡಳು. ಮಗ್ಗುಲ ಮನೆಯ ಮಾನವ್ವ ಮೆಡಿಕಲ್ ಅಂಗಡಿಯಿಂದ ತರಿಸಿಕೊಟ್ಟ ಯಾವುದೋ ಟ್ಯೂಬು ಎರಡು ದಿನ ಹಿತವೆನಿಸಿತು, ನಿಲ್ಲಿಸಿದ ಮೇಲೆ ಉರಿ ಇಮ್ಮಡಿಯಾಯಿತು. ಕಡೆಗೆ ಒಂದು ಮಧ್ಯಾಹ್ನ ನಿರ್ಮಲಾ ಬಾಗಿಲ ಚಿಲಕ ಹಾಕಿ, ಅತ್ತೆಯ ಸೆರಗು ಸರಿಸಿ ನೋಡಿದಳು. ಕರಡಿಗೆ ತಾಗುವ ಜಾಗ ಮಾತ್ರ ದುಂಡಗೆ, ಕೆಂಪಗೆ, ಹಸಿಹಸಿಯಾಗಿತ್ತು. ಮರುದಿನವೇ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಕರೆದುಕೊಂಡು ಹೋದಳು.

ಚರ್ಮದ ಡಾಕ್ಟರು ಹೆಣ್ಣುಮಗಳು, ಉಮಾ ಎಂದು ಹೆಸರು. ಬಾಳವ್ವನಿಗೆ ಅರ್ಧ ಸಂಕೋಚ ಅಲ್ಲಿಯೇ ಇಳಿಯಿತು. ಡಾಕ್ಟರು ಎದೆ ನೋಡಿದರು, ಕರಡಿಗೆ ನೋಡಿದರು, ಆಮೇಲೆ ಕಿವಿ ನೋಡಿದರು.

"ಅಜ್ಜಿ, ಸಣ್ಣಾಕಿದ್ದಾಗ ಬಳಿ ಅಂಗಡ್ಯಾಗಿನ ಝುಮಕಿ ಹಾಕ್ಕೊಂಡ್ರ ಕಿವಿ ಸೋರ್ತಿದ್ವೇನು?"

ಬಾಳವ್ವ ಬೆರಗಾದಳು. "ಹೌದ್ರಿ ಡಾಕ್ಟರವ್ವಾ. ಬಂಗಾರದ್ದ ಹಾಕ್ಕೊಂಡ ಮ್ಯಾಲ ನಿಂತು. ನಿಮಗ ಯಾರ ಹೇಳಿದ್ರು?"

"ನಿಮ್ಮ ಎದಿನ ಹೇಳಾಕತ್ತೇತಿ. ಈ ಕರಡಿಗ್ಯಾಗ ನಿಕ್ಕಲ್ ಅನ್ನೋ ಲೋಹ ಇರಬೇಕ್ರಿ. ಬೆವರ ಹತ್ತಿದ್ರ ಅದು ಬಿಟಗೊಂಡು ಚರ್ಮ ಸುಡತೇತಿ. ಎಲ್ಲಾರಿಗೂ ಆಗೂದಿಲ್ಲ, ನಿಮ್ಮಂಥವ್ರಿಗೆ ಆಗತೇತಿ."

"ಇದು ಶುದ್ಧ ಬೆಳ್ಳಿರಿ! ನಮ್ಮ ಮಾವನೋರು ಮಗನ ಮದವ್ಯಾಗ ಮಾಡಿಸಿದ್ದು. ನಮ್ಮ ಯಜಮಾನ್ರು ಹತ್ತ ಮಂದಿ ಮುಂದ ತೋರಿಸಿ ಹೇಳ್ತಿದ್ರು."

"ಬೆಳ್ಳಿ ಆದ್ರ ಹಿಂಗ ಆಗೂದು ಭಾಳ ಕಡಿಮಿ. ಇರ್ಲಿ, ಏನರ ಆಗ್ಲಿ, ಮೂರು ವಾರ ಇದು ಮೈಗೆ ತಾಗಬಾರದು."

"ಲಿಂಗಾ ಬಿಡು ಅಂತೀರೇನು?" ಬಾಳವ್ವ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಶಿವ ಶಿವಾ, ನಾ ಯಾಕ ಹಂಗ ಅನ್ಲಿ? ನಮ್ಮವ್ವನೂ ಕಟಗೊಂತಾಳ್ರಿ. ಹತ್ತಿ ಬಟ್ಟ್ಯಾಗ ಸುತ್ತಿ ತೋಳಿಗೆ ಕಟಗೊಳ್ರಿ. ಬಿಡೂದು ಲಿಂಗಾ ಅಲ್ಲ, ಡಬ್ಬಿ."

ಡಾಕ್ಟರು ಒಂದು ಟ್ಯೂಬು ಬರೆದುಕೊಟ್ಟರು. ಝಿಂಕ್ ಆಕ್ಸೈಡ್ ಎಂಬ ಮುಲಾಮು. "ಸತು ಅಂತೀವಲ್ಲ, ಅದರ ಬಿಳಿ ಪುಡಿ ಹಾಕಿ ಮಾಡಿದ್ದು. ಇದು ಒಳಗ ಇಳಿಯೂದಿಲ್ಲ, ಮ್ಯಾಲ ಕುಂತು ಚರ್ಮಾ ಕಾಯತೇತಿ, ಉರಿ ತಣ್ಣಗ ಮಾಡತೇತಿ. ತಣ್ಣೀರಿಲೆ ತೊಳೀರಿ, ತಿಕ್ಕಬ್ಯಾಡ್ರಿ, ಮೆತ್ತಾನ ಬಟ್ಟಿ ಒತ್ತಿ ಒರಸ್ರಿ. ಪೂರಾ ಆರಿದ ಮ್ಯಾಲ ತೆಳ್ಳಗ ಹಚ್ಚರಿ. ಗ್ವಾಡಿಗೆ ಸುಣ್ಣಾ ಬಳದಂಗ ಬೆಳ್ಳಗ ಕಾಣಬೇಕು. ಆದ್ರ ಮೂಲ ಹಂಗ ಇಟಗೊಂಡು ಬರೇ ಮುಲಾಮ ಹಚ್ಚಿದ್ರ ಕಡಿಮಿ ಆಗೂದಿಲ್ಲ, ಹೇಳಿರ್ತೀನಿ."

ಬಸ್ಸಿನಲ್ಲಿ ಬರುವಾಗ ಬಾಳವ್ವ ಒಂದೇ ಮಾತು ಆಡಿದಳು. "ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ, ಸತ್ತವರನ್ನ ಸುಳ್ಳ ಮಾಡ್ತಾಳ."

ಮುಲಾಮು ಹಚ್ಚಿಸಿಕೊಂಡಳು, ಕರಡಿಗೆ ತೆಗೆಯಲಿಲ್ಲ. ಮೊದಲ ದಿನ ತಲೆನೋವಿನ ಬಾಮು ಹಚ್ಚುವಂತೆ ತಾನೇ ಗಸಗಸ ತಿಕ್ಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ನಿರ್ಮಲಾ ದಿನಕ್ಕೆ ಎರಡು ಸಲ ಬೆರಳ ತುದಿಯಿಂದ ಮೆಲ್ಲಗೆ ಬಳಿದಳು. ಬಳಿದ ಗಳಿಗೆಯಲ್ಲಿ ಹಿತ. ಬಾಳವ್ವನ ಹುಬ್ಬು ಸಡಿಲುವುದು ಕಾಣುತ್ತಿತ್ತು. ಅದರ ಮೇಲೆ ಕರಡಿಗೆ ಬಂದು ಕೂತರೆ ಮುಲಾಮೆಲ್ಲ ಅದಕ್ಕೆ ಮೆತ್ತಿ, ಸಂಜೆಗೆ ಮತ್ತೆ ಉರಿ.

ಐದನೆಯ ದಿನ ನಿರ್ಮಲಾ ಕರಡಿಗೆ ಒರೆಸುತ್ತ ಅಂದಳು: "ಅತ್ತಿ, ಮುಲಾಮು ಕರಡಿಗಿಗೆ ಚಲೋ ಹತ್ತೇತಿ. ಅದಕ್ಕ ಪೂರಾ ಗುಣಾ ಆತು. ನಿಮಗ ಆಗಿಲ್ಲ."

ಬಾಳವ್ವ ನಗಲಿಲ್ಲ.

"ನಾ ಮದವಿ ಆಗಿ ಬಂದಾಗ ನೀವ ಹೇಳಿದ್ರಿ. ಕರಡಿಗಿ ಬ್ಯಾರೆ, ಲಿಂಗಾ ಬ್ಯಾರೆ. ಬೆಳ್ಳಿದ ಇರ್ಲಿ, ಬಟ್ಟಿ ಇರ್ಲಿ, ಶಿವಗ ಎಲ್ಲಾ ಒಂದ ಅಂತ."

"ಹೇಳಿದ್ದೆ," ಎಂದಳು ಬಾಳವ್ವ. "ಆವಾಗ ಅವರ ಇದ್ರು."

ಅತ್ತೆ ಬಿಡಲಾರದ್ದು ಏನೆಂದು ನಿರ್ಮಲಾಳಿಗೆ ಆಗ ತಿಳಿಯಿತು. ತಿಳಿದರೂ ಮಾಡುವುದೇನು? ಗಾಯ ಅಂಗೈ ಅಗಲವಾಗುತ್ತ ನಡೆದಿತ್ತು. ಬಾಳವ್ವ ಪೂಜೆಗೆ ಕೂತರೆ ಮಂತ್ರದ ನಡುವೆ ಹಲ್ಲು ಕಚ್ಚುತ್ತಿದ್ದಳು.

ಎಂಟನೆಯ ದಿನ ಬೆಳಗ್ಗೆ ಬಾಳವ್ವ ತಾನಾಗಿಯೇ ಸೀರೆ ಬದಲಿಸಿ ಹೊರಟು ನಿಂತಳು.

"ನಡಿ. ಗಜೇಂದ್ರಗಡಕ್ಕ ಹೋಗೂಣು."

"ಡಾಕ್ಟರ ಕಡೇನ್ರಿ?"

"ಮೊದ್ಲ ಪತ್ತಾರ ಅಯ್ಯಪ್ಪನ ಕಡೆ. ಅವರ ಜೀವದ ಗೆಳೆಯಾ ಅಂವ. ಒರಿಗಲ್ಲಿಗೆ ಹಚ್ಚಿ ಶುದ್ಧ ಬೆಳ್ಳಿ ಅಂತ ಚೀಟಿ ಬರದ ಕೊಡ್ಲಿ. ಆ ಚೀಟಿ ಒಯ್ದು ಡಾಕ್ಟರವ್ವನ ಟೇಬಲ್ ಮ್ಯಾಲ ಇಡ್ತೀನಿ. ಆಮ್ಯಾಲ ಆಕಿ ಬ್ಯಾರೆ ಔಷಧ ಕೊಡ್ಲಿ."

ಪತ್ತಾರ ಅಯ್ಯಪ್ಪನಿಗೆ ಎಪ್ಪತ್ತು ದಾಟಿದೆ. ಅಕ್ಕಸಾಲಿ ಅಂಗಡಿಯ ಕೆಲಸ ಈಗ ಮಗನದು; ಅಯ್ಯಪ್ಪ ಮುಂದೆ ಗಾದಿಯ ಮೇಲೆ ಕೂತು ಬಂದವರನ್ನು ಮಾತಾಡಿಸುತ್ತಾನೆ. ಬಾಳವ್ವನನ್ನು ಕಂಡು ಎದ್ದು ನಿಂತು, ನೀರು ತರಿಸಿ, ಗೆಳೆಯನನ್ನು ನೆನೆದು ಎರಡು ಮಾತಾಡಿದ. ಬಾಳವ್ವ ಕರಡಿಗೆಯನ್ನು ಶಿವದಾರ ಸಮೇತ ಮುಂದಕ್ಕೆ ಹಿಡಿದು ಬಂದ ಕೆಲಸ ಹೇಳಿದಳು. ಅಯ್ಯಪ್ಪ ಕೈ ಮುಂದೆ ಮಾಡಲಿಲ್ಲ.

"ಬೆಳ್ಳಿನ ಐತಿ ತಗೋರಿ ಬಾಳಕ್ಕಾರ. ಇದಕ್ಕೇನ ಚೀಟಿ?"

"ತಿಕ್ಕಿ ನೋಡಲಾರದ ಹ್ಯಾಂಗ ಹೇಳ್ತಿ?"

"ನೋಡೂದ ಏನೈತ್ರಿ ಅದ್ರಾಗ? ಹಳೇ ಮಾಲು."

"ಅಯ್ಯಪ್ಪಾ, ಕಣ್ಣ ಎತ್ತಿ ನನ್ನ ಕಡೆ ನೋಡಿ ಹೇಳು."

ಅಯ್ಯಪ್ಪ ಕಣ್ಣಿನ ಚಾಳೀಸು ತೆಗೆದು ಧೋತರದ ಚುಂಗಿಗೆ ಒರೆಸತೊಡಗಿದ. ನಿರ್ಮಲಾ ನಡುವೆ ಬಾಯಿ ಹಾಕಿದಳು. "ಕಾಕಾ, ಅತ್ತಿ ಎದಿ ಹುಣ್ಣಾಗೇತ್ರಿ. ಕುಪ್ಪಸ ಹಾಕ್ಕೊಳ್ಳಾಕ ಆಗವಲ್ದು. ಇದರಾಗ ನಿಕ್ಕಲ್ ಐತಿ ಅಂತಾರ ಡಾಕ್ಟರು. ಖರೇನ ಹೇಳ್ರಿ."

ಮುದುಕ ಚಾಳೀಸು ಒರೆಸುವುದನ್ನು ನಿಲ್ಲಿಸಿದ. "ಹೂವಪ್ಪ ನನ್ನ ಕಡಿಂದ ಆಣಿ ಮಾಡಿಸಿಕೊಂಡಿದ್ದ. ಆದ್ರ ಬಾಳಕ್ಕಾರ ಮೈ ಸುಟ್ರೂ ಸುಮ್ನಿರು ಅಂತ ಅಂವೇನ ಹೇಳಿರಲಿಲ್ಲ. ಶಿವ ಕ್ಷಮಾ ಮಾಡ್ಲಿ," ಎಂದು ಹೇಳತೊಡಗಿದ.

ಹನ್ನೆರಡು ವರ್ಷದ ಹಿಂದಿನ ಮಾತು. ಶ್ರಾವಣ ಸೋಮವಾರ ಹೂವಪ್ಪ ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರನ ಗುಡಿಗೆ ಬಂದಿದ್ದ. ಜಳಕ ಮಾಡಿ, ಮೆಟ್ಟಿಲ ಮೇಲೆ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದ. ಮಗ್ಗುಲಲ್ಲಿ ಬಾಳೆಹಣ್ಣು, ಅದರ ಹತ್ತಿರ ಕರಡಿಗೆ. ಕಣ್ಣು ತೆರೆದಾಗ ಎರಡೂ ಇಲ್ಲ.

"ಮಂಗ್ಯಾರಿ ಅಕ್ಕಾರ! ಹಣ್ಣ ತಿಂದು ಕರಡಿಗಿ ಕೆಳಗ ಒಗೀಬೇಕೋ ಬ್ಯಾಡೋ? ಅದಕ್ಕೂ ಶುದ್ಧ ಬೆಳ್ಳಿ ಅಂತ ತಿಳದಿತ್ತೋ ಏನೋ, ಕಂಕಳಾಗ ಇಟಗೊಂಡು ಗುಡ್ಡಾ ಏರಿತು. ಇಂವ ಲಿಂಗಾ ಧೋತರದಾಗ ಕಟಗೊಂಡು ಬರಿಗಾಲ್ಲೆ ನನ್ನ ಅಂಗಡಿಗೆ ಓಡಿ ಬಂದ. 'ಅಯ್ಯಪ್ಪಾ, ಲಗೂ ಒಂದ ಕರಡಿಗಿ ಕೊಡು. ಮಂಗ್ಯಾ ಒಯ್ತು ಅಂದ್ರ, ಯಾವ ಮಂಗ್ಯಾ, ಅದೋ ನೀವೋ ಅಂತಾಳ ಆಕಿ,' ಅಂದ."

"ಅಂತಿದ್ದೆ," ಎಂದಳು ಬಾಳವ್ವ ಮೆಲ್ಲಗೆ.

"ಅವತ್ತ ನನ್ನ ಕಡೆ ಆ ಅಳತಿದ್ದು ಬೆಳ್ಳೀದು ಇರಲಿಲ್ಲ. ಜರ್ಮನ್ ಸಿಲ್ವರಿನೂವು ಮೂರು ಇದ್ದೂವು. ಹೆಸರಿಗೆ ಸಿಲ್ವರ್ರಿ, ಬೆಳ್ಳಿ ಎಳ್ಳಷ್ಟೂ ಇರೂದಿಲ್ಲ. ತಾಮ್ರ, ಸತು, ನಿಕ್ಕಲ್. ಸುಗ್ಗಿ ಆದ ಮ್ಯಾಲ ಬೆಳ್ಳೀದು ಮಾಡಸ್ತೀನಿ, ಸದ್ಯಕ್ಕ ಇದ ಇರ್ಲಿ ಅಂದ. ಆ ಸುಗ್ಗಿ ಬರಲೇ ಇಲ್ಲ. ಅಂಗಿ ಮ್ಯಾಲ ಹಾಕ್ಕೊಂತಿದ್ದ, ಅಂವಗ ಒಂದ ದಿನಾ ತುರಿಸಲಿಲ್ಲ."

ಬಾಳವ್ವ ಹೆಬ್ಬೆರಳನ್ನು ಕರಡಿಗೆಯ ತಗ್ಗಿನಲ್ಲಿಟ್ಟಳು. "ಸುಳ್ಳ ಹೇಳಬ್ಯಾಡ. ಇದು ಸಿದ್ದಲಿಂಗ ಸಣ್ಣಾಂವಿದ್ದಾಗ ಕುಕ್ಕಿದ ತಗ್ಗು."

ಅಯ್ಯಪ್ಪ ತಲೆ ತಗ್ಗಿಸಿದ. "ಅದು ನಾ ಬಡದದ್ರಿ. ನುಣ್ಣಂದು ಕೊಟ್ರ, ತಗ್ಗ ಎಲ್ಲೈತಿ ಅಂದ. 'ಆಕಿ ದಿನಾ ತಿಕ್ಕಿ ತೊಳಿತಾಳ, ತಗ್ಗ ಇಲ್ಲಂದ್ರ ಇವತ್ತ ಸಂಜಿಗೇ ಸಿಕ್ಕಬೀಳ್ತೀನಿ.' ಒಂದಕ್ಕ ಬಡದ್ರ ಭಾಳ ಮ್ಯಾಲಾತು ಅಂದ. ಇನ್ನೊಂದು ದೊಡ್ಡದಾತು ಅಂದ. ಎರಡ ಕರಡಿಗಿ ಕೆಡಿಸಿ, ಮೂರನೇದಕ್ಕ ತನ್ನ ಹೆಬ್ಬಟ್ಟ ಇಟ್ಟ ನೋಡಿ ಸೈ ಅಂದ."

ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜಗಳು ಅಲುಗಿದವು. ನಿರ್ಮಲಾ ಹೆದರಿ ಬೆನ್ನ ಮೇಲೆ ಕೈಯಿಟ್ಟಳು. ಆಗ ಸೆರಗು ಜಾರಿತು. ಬಾಳವ್ವ ನಗುತ್ತಿದ್ದಳು. ಕಣ್ಣಿಂದ ನೀರು ಇಳಿಯುವ ಹಾಗೆ, ಹಾದಿಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ ನಗುತ್ತಿದ್ದಳು.

"ಹನ್ನೆರಡು ವರ್ಷ! ಹುಣಸಿಹಣ್ಣ ಹಚ್ಚಿ ತಿಕ್ಕೀನಿ, ವಿಭೂತಿ ಹಚ್ಚಿ ತಿಕ್ಕೀನಿ! ಯಾಕರಿ ಮೊದಲಿನಂಗ ಹೊಳಪ ಬರವಲ್ದು ಅಂತ ಕೇಳಿದ್ರ, 'ನಿನ್ನ ರಟ್ಟ್ಯಾಗ ಈಗ ಬಲಾ ಉಳದಿಲ್ಲ' ಅಂತಿದ್ರು ಮಾರಾಯಾ! ಮತ್ತ ಮಂದಿ ಮುಂದ ಶುದ್ಧ ಬೆಳ್ಳಿ ಅಂತ ತೋರಸೂದು!"

ಅಯ್ಯಪ್ಪನೂ ನಕ್ಕ. ನಕ್ಕು ಮುಗಿಯುವಷ್ಟರಲ್ಲಿ ಮೂವರ ಕಣ್ಣುಗಳೂ ಒದ್ದೆಯಾಗಿದ್ದವು.

"ಆ ಮುಲಾಮಿನ್ಯಾಗೂ ಸತು ಐತಿ ಅಂದ್ಲಲ್ಲ ಡಾಕ್ಟರವ್ವ? ಇದ್ರಾಗೂ ಸತು ಅಂತಿ ನೀ," ಎಂದು ಬಾಳವ್ವ ಕಣ್ಣೊರೆಸುತ್ತ ಕೇಳಿದಳು.

"ಸತು ಪಾಪ, ಏನೂ ಮಾಡೂದಿಲ್ರಿ ಅಕ್ಕಾರ. ಕಿತಾಪತಿ ಎಲ್ಲಾ ಆ ನಿಕ್ಕಲ್ಲಂದು."

ಬಾಳವ್ವ ಅಲ್ಲಿಯೇ, ಗಾದಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ಕರಡಿಗೆ ತೆರೆದಳು. ಲಿಂಗವನ್ನು ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ಆಮೇಲೆ ನಿರ್ಮಲಾ ಚೀಲದಿಂದ ಹತ್ತಿಯ ಬಿಳಿ ಅರಿವೆ ತೆಗೆದುಕೊಟ್ಟಳು. ಹೋದ ವಾರದಿಂದ ಅದನ್ನು ಒಗೆದು ಮಡಿಸಿ ಚೀಲದಲ್ಲಿಯೇ ಇಟ್ಟುಕೊಂಡಿದ್ದಳು. ಬಾಳವ್ವ ಲಿಂಗವನ್ನು ಅದರಲ್ಲಿ ಸುತ್ತಿ ತೋಳು ಚಾಚಿದಳು, ಸೊಸೆ ಕಟ್ಟಿದಳು.

"ನಾ ಒಂದ ಬೆಳ್ಳೀದು ಮಾಡಿ ಕೊಡ್ತೀನ್ರಿ ಬಾಳಕ್ಕಾರ. ಗೆಳೆಯಾನ ಹೆಸರಿಲೆ," ಎಂದ ಅಯ್ಯಪ್ಪ.

"ಬ್ಯಾಡ. ನಂದ ಸಣ್ಣ ಕರಡಿಗಿ ಮನ್ಯಾಗೈತಿ. ನೀ ಅದಕ್ಕೂ ಎಲ್ಲೆರ ತಗ್ಗ ಬಡದೀ!"

ಅವತ್ತಿನಿಂದ ಗಾಯ ಒಣಗತೊಡಗಿತು. ಬೆಳಗ್ಗೆ ಸಂಜೆ ತಣ್ಣೀರು, ಮೆತ್ತನೆಯ ಬಟ್ಟೆ, ಅದರ ಮೇಲೆ ತೆಳ್ಳಗೆ ಬಿಳಿ ಮುಲಾಮು. ಮುಲಾಮು ಇಟ್ಟಲ್ಲಿಯೇ ಇರುತ್ತಿತ್ತು, ಸಂಜೆಯ ತನಕ ತಂಪು ಹಿಡಿಯುತ್ತಿತ್ತು. ನಾಲ್ಕು ದಿನಕ್ಕೆ ಸೋರುವುದು ನಿಂತಿತು, ಹತ್ತು ದಿನಕ್ಕೆ ಕೆಂಪು ಇಳಿಯಿತು. ಡಾಕ್ಟರು ನೋಡಿ ಸಂತೋಷಪಟ್ಟರು. ಬಾಳವ್ವ ಅವರಿಗೆ ಮಂಗನ ಕಥೆಯನ್ನು ಪೂರ್ತಿ ಹೇಳಿ, ಹೊರಗೆ ಕೂತ ರೋಗಿಗಳನ್ನು ಅರ್ಧ ತಾಸು ಕಾಯಿಸಿದಳು.

ಕರಡಿಗೆಯನ್ನು ಅವಳು ಯಾರಿಗೂ ಕೊಡಲಿಲ್ಲ. ದೇವರ ಜಗುಲಿಯ ಮಗ್ಗುಲಿನ ಗೋಡೆಯಲ್ಲಿ ಗಂಡನ ಫೋಟೋ ಇದೆ. ಅದರ ಮೊಳೆಗೆ ಶಿವದಾರ ಸಮೇತ ತೂಗುಬಿಟ್ಟಳು. ಈಗ ದಿನಾ ಪೂಜೆ ಮುಗಿಸಿ, ಶಿವನಿಗೆ ಕೈಮುಗಿದು, ಆ ಕಡೆ ತಿರುಗುತ್ತಾಳೆ. ಮುಲಾಮು ಹಚ್ಚಲು ಬಂದ ನಿರ್ಮಲಾ ಬಾಗಿಲಲ್ಲಿಯೇ ನಿಲ್ಲುತ್ತಾಳೆ.

"ಅಲ್ರಿ, ನನ್ನ ಮುಂದ ಒಂದ ಮಾತ ಹೇಳಿದ್ರ ನಾ ಏನ ನಿಮ್ಮನ್ನ ತಿಂತಿದ್ದೆನೇನು? ಎರಡ ದಿನಾ ಬೈತಿದ್ದೆ, ಮೂರನೇ ದಿನಾ ಸುಮ್ನ ಆಗ್ತಿದ್ದೆ. ನಗತೀರೇನ ಮತ್ತ? ನಗರಿ, ನಗರಿ. ಇವತ್ತ ಏನ ಅಡಗಿ ಗೊತ್ತೇನು? ಹೆಸರಕಾಳ ಪಲ್ಯಾ. ನಿಮಗ ಸೇರೂದಿಲ್ಲ, ಅದಕ್ಕ ಮಾಡಸಾಕತ್ತೀನಿ..."

ನಿರ್ಮಲಾ ಟ್ಯೂಬಿನ ಮುಚ್ಚಳ ತಿರುವಿ ಕೈಯಲ್ಲಿ ಹಿಡಿದುಕೊಂಡು, ಅತ್ತೆಯ ಮಾತು ಮುಗಿಯುವ ತನಕ ಕಾಯುತ್ತಾಳೆ. ಮಾತು ಲಗೂ ಮುಗಿಯುವುದಿಲ್ಲ.