ಡಬ್ಬಿಯ ಹೊಳಪು

ಧೂಳು ಕುಣಿಯುತ್ತಿದೆ, ತಲೆಯ ಮೇಲಿಂದ ಪರದೆಗೆ ಹೋಗುವ ಬೆಳಕಿನ ಕೋಲಿನೊಳಗೆ, ಬಸದಿಯ ಕಿಂಡಿಯಿಂದ ಬೀಳುವ ಬಿಸಿಲಿನಲ್ಲೂ ಹೀಗೆಯೇ ಕುಣಿಯುತ್ತಿತ್ತು, ಮಯೂರಿ ಅದನ್ನು ಮುಷ್ಟಿಯಲ್ಲಿ ಹಿಡಿಯಲು ಹೋಗುತ್ತಿದ್ದಳು, ಎಂಟು ವರ್ಷದ ನನ್ನ ಮೊಮ್ಮಗಳು, ಈಗ ಅಥಣಿಯ ಈ ಟಾಕೀಸಿನ ಪರದೆಯ ಮೇಲೆ ಕಬ್ಬಿನ ಹೊಲದ ಬದುವಿನಲ್ಲಿ ಒಬ್ಬಳೇ ಕೂತು ಕಲ್ಲು ತೂರಿ ಹಿಡಿದು ಆಡುತ್ತಿದ್ದಾಳೆ — ಸತ್ತು ಐದು ತಿಂಗಳಾಯಿತು, ಆದರೂ ಆಡುತ್ತಿದ್ದಾಳೆ. ಕಿಣಿಕಿಣಿ ಎಂದು ಕಿರುಗಂಟೆಯ ಸಂಗೀತ, ಬೆನ್ನ ಹಿಂದಿನಿಂದ ಹಳದಿ ಬಿಸಿಲು, ಕೂದಲೆಲ್ಲ ಬಂಗಾರ, ಪಕ್ಕದಲ್ಲಿ ಹೆಂಡತಿ ಕಮಲಾಬಾಯಿ ಸೆರಗನ್ನು ಬಾಯಿಗೊತ್ತಿಕೊಂಡು, ನೋಡ್ರಿ, ಎಷ್ಟ ಚಂದ ಕಾಣತಾಳ. ಹೌದು. ಆಮೇಲೆ ಬಿಸಿಲು ಹೋಗುತ್ತದೆ, ಗಂಟೆ ಅದೇ, ಆದರೆ ನಿಧಾನ, ಅದರ ಅಡಿಯಲ್ಲಿ ಇನ್ನೊಂದು ಸದ್ದು, ದೂರದಲ್ಲಿ ಗಾಣ ತಿರುಗಿದಂತೆ ದಪ್ಪನೆಯ ಗುಂಯ್, ಕೆಳಗಿನಿಂದ ಬಿಳಿ ಬೆಳಕು, ಗಲ್ಲ ಬೆಳ್ಳಗೆ, ಕಣ್ಣಿನ ಸುತ್ತ ನೆರಳು, ನೆರಳಿನೊಳಗೆ ಎರಡು ಬಿಳಿ ಚುಕ್ಕೆ, ತಲೆಯೆತ್ತಿ ಪರದೆಯ ಆಚೆ ಯಾರನ್ನೋ ನೋಡುತ್ತಾಳೆ. ಹಿಂದಿನ ಸಾಲಿನಲ್ಲಿ ಒಬ್ಬಳು, ಅಯ್ಯ, ಆ ಕಡೆ ಯಾರ ನಿಂತಾರಬೇ, ಇನ್ನೊಬ್ಬಳು, ಸುಮ್ಕಿರ, ಕೊಲ್ಲಾಂವ ಇರಬೇಕ.

ನಿಂತಿದ್ದವನು ನಾನು, ಶೂಟಿಂಗಿನ ದಿನ, ಕ್ಯಾಮೆರಾದ ಪಕ್ಕದಲ್ಲಿ, ಕೈಯಲ್ಲಿ ಸ್ಟೀಲಿನ ಡಬ್ಬಿ, ಒಳಗೆ ಅವಳಿಗೆಂದು ತಂದ ಎರಡು ಚಪಾತಿ, ಬೆಲ್ಲ. ಸಂಜೆಯ ಬೆಳಕೇ ಬೇಕೆಂದು ನಿರ್ದೇಶಕ ನಿಖಿಲ ಕಾದ, ಇನ್ನೈದ ಮಿನಿಟ್ರಿ ಅಜ್ಜಾರ, ಐದು ಹೋಗಿ ಇಪ್ಪತ್ತು ಮಿನಿಟಾಯಿತು, ಹೊತ್ತು ಮುಳುಗಿತು. ಮುಳುಗಿದ ಮೇಲೆ ನಮ್ಮ ಜೈನರಲ್ಲಿ ಉಣ್ಣುವುದಿಲ್ಲ, ಅಪ್ಪ ಉಂಡವನಲ್ಲ, ನಾನು ಉಂಡವನಲ್ಲ — ಕೂಸಿಗೆಂಥಾ ವ್ರತರಿ ಎಂದು ಕಮಲಾಬಾಯಿ ಎಷ್ಟು ಸಲ ಅಂದಿದ್ದಳು. ದೊಡ್ಡ ದೀಪ ಹಚ್ಚಿದರು, ಬದುವೆಲ್ಲ ಹಗಲಾಯಿತು, ಮಯೂರಿ ಚಪ್ಪಾಳೆ ತಟ್ಟಿದಳು, ಅಜ್ಜಾ, ಸೂರ್ಯಾ ಮತ್ತ ಬಂದ, ಈಗ ಉಣಲೇನ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಅದು ಸೂರ್ಯಾ ಅಲ್ಲವ್ವಾ, ದೀಪ, ಎಂದು ಮುಚ್ಚಳ ಒತ್ತಿದೆ, ಆಗ ನೋಡಿದಳು, ನನ್ನನ್ನಲ್ಲ, ಡಬ್ಬಿಯನ್ನು, ಮತ್ತೆ ನಿಖಿಲ ಪಿಸುಗುಟ್ಟಿದ, ಅಜ್ಜಾರ, ಡಬ್ಬಿ ಹಂಗ ಹಿಡೀರಿ, ಅಕಿ ಕಣ್ಣಾಗ ಹೊಳಪ ಚಲೋ ಬೀಳಾಕತ್ತೈತಿ. ಹಿಡಿದೆ.

ಆಸ್ಪತ್ರೆಯಲ್ಲೂ ಹಿಡಿದೆ, ಅದೇ ಡಬ್ಬಿ, ಒಳಗೆ ಗಂಜಿ, ಜ್ವರದ ಒಂಬತ್ತನೆಯ ಸಂಜೆ ಕಣ್ಣು ತೆರೆದಳು, ಎರಡ ಚಮಚ ಹೋಗಲಿರಿ ಎಂದಳು ನರ್ಸಬಾಯಿ, ಕಿಟಕಿಯ ಹೊರಗೆ ಕತ್ತಲು, ನಾನೇ ಎದ್ದು ಪರದೆ ಎಳೆದೆ, ಈ ಕೈಯಿಂದ, ಜಪಮಣಿ ಎಣಿಸುವ ಕೈಯಿಂದ, ಹೊತ್ತ ಇನ್ನಾ ಐತೆವ್ವಾ, ನೋಡ ಎಷ್ಟ ಬೆಳಕೈತಿ, ಉಣ್ಣ ನನ್ನವ್ವ. ಮೇಲಿನ ಟ್ಯೂಬ್‌ಲೈಟು ನೋಡಿದಳು, ಡಬ್ಬಿ ನೋಡಿದಳು. ಅದು ದೀಪ, ಅಜ್ಜಾ. ಬಾಯಿ ತೆರೆಯಲಿಲ್ಲ. ಮುಂಜಾನೆ ಸೂರ್ಯ ಬಂದ, ಅವಳಿರಲಿಲ್ಲ. ಎರಡು ಚಮಚದಿಂದ ಏನೂ ಬದಲಾಗುತ್ತಿರಲಿಲ್ಲ ಎಂದು ಡಾಕ್ಟರರು ಹೇಳಿದರು, ಕಮಲಾಬಾಯಿಯೂ ಹೇಳುತ್ತಾಳೆ, ಜಿನೇಶ್ವರಾ, ನೀನು ಮಾತ್ರ ಅರೆಗಣ್ಣು ಮುಚ್ಚಿ ಕೂತಿದ್ದೀಯೆ, ಹಸಿದು ಹೋದಳೇ, ನನ್ನ ಮಾತಿಗೆ ಹೆದರಿ ಹೋದಳೇ, ಒಂದನ್ನಾದರೂ ಹೇಳು — ಗುಂಯ್ ಎನ್ನುವ ಸದ್ದು ಹತ್ತಿರ ಬರುತ್ತಿದೆ, ಗಂಟೆ ನಿಂತಿತು, ಮುಖ ಪರದೆಯ ತುಂಬ, ಕಮಲಾಬಾಯಿ ನನ್ನ ತೋಳು ಹಿಡಿದು, ಅಕಿ ಕಣ್ಣಾಗ ಅದೇನ್ರಿ ಹೊಳಿಯೂದು, ಏನ್ರಿ ಅದು, ಎರಡು ಬಿಳಿ ಚುಕ್ಕೆ, ಎರಡು ಕಣ್ಣಿನಲ್ಲಿ ಎರಡು ಡಬ್ಬಿ, ಎರಡಕ್ಕೂ ನಾನು ಒತ್ತಿದ ಮುಚ್ಚಳ