ಉಗುರಿಗೆ ಉತ್ತರ ಕೊಡುವ ಬಟ್ಟಲು

ನಮ್ಮತ್ತೆ ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಗೆ ಹೊಕ್ಕು, ಅಲ್ಲಿನ ಕಂಚಿನ ಬಟ್ಟಲಿನ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಒಮ್ಮೆ ಮೀಟಿ, ತಲೆಯನ್ನು ತುಸು ವಾಲಿಸಿ, ನಾದ ಪೂರ್ತಿಯಾಗಿ ಅಡಗುವವರೆಗೂ ಆಲಿಸುತ್ತಿದ್ದರು. ಮೆಚ್ಚಿಗೆಯಾದರೆ "ಮಾತಾಡ್ತದೆ" ಎನ್ನುವರು, ಇಲ್ಲವಾದರೆ "ಮೂಕ". ನನ್ನನ್ನು ನೋಡಲು ಬಂದಾಗಲೂ ಅವರು ಮೊದಲು ಪರೀಕ್ಷಿಸಿದ್ದು ನಮ್ಮ ತವರಿನ ಬಟ್ಟಲನ್ನೇ. ಅದು ಪಾಸಾಯಿತು, ಅದರ ಹಿಂದೆ ನಾನೂ ಪಾಸಾದೆ.

ಅವರು ಯೇಚೊನ್ ಕಡೆಯ ಹೆಣ್ಣಾದ್ದರಿಂದ ಊರಿಗೆಲ್ಲ 'ಯೇಚೊನ್ ಅಮ್ಮ'. ಸ್ವಂತ ಹೆಸರನ್ನು ಕೇಳಿದವರಿಲ್ಲ, ಅವರು ಹೇಳಿದ್ದೂ ಇಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆತುರವೆಂಬುದನ್ನೇ ಅರಿಯದವರಂತೆ ನಡೆಯುತ್ತಿದ್ದರೆ ಹಿಂದಿನಿಂದ ಬರುವವರಿಗೆ ಕಾಣುತ್ತಿದ್ದುದು ಅವರ ಎರಡು ಕಪ್ಪು ಅಂಗೈಗಳು. ಹಳೆಯ ಹೆಂಚಿನ ಪುಡಿಯಲ್ಲಿ ಹುಲ್ಲಿನ ಸಿಂಬಿಯನ್ನು ಅದ್ದಿ ಕಂಚು ತಿಕ್ಕಿ ತಿಕ್ಕಿ ಬಂದ ಆ ಕಪ್ಪು ಅವರ ಒಡವೆ. ಹೊಸತರಲ್ಲಿ ನನ್ನ ಕೈ ಹಿಡಿದು ನೋಡಿ, "ಇಷ್ಟು ಬೆಳ್ಳಗಿರೋ ಕೈಯಲ್ಲಿ ಹಿರೀಕರಿಗೆ ಹೇಗೆ ಬಡಿಸ್ತೀಯೇ?" ಎಂದಿದ್ದರು. ನನಗೆ ಉರಿದುಹೋಗಿತ್ತು.

ನಮ್ಮ ನಾಡಿನಲ್ಲಿ ಜಪಾನಿಯರ ಆಳ್ವಿಕೆಯ ಕೊನೆಯ ವರ್ಷಗಳು. ಯುದ್ಧಕ್ಕೆ ಲೋಹ ಸಾಲದೆಂದು ಮನೆಮನೆಯ ಕಂಚನ್ನು ಒಪ್ಪಿಸಬೇಕೆಂದು ಹುಕುಂ ಹೊರಟಿತು. ಬಚ್ಚಿಟ್ಟವರಿಗೆ ಠಾಣೆ, ಪಡಿತರವೂ ಬಂದ್. ವಸೂಲಿಗೆ ಗಾಡಿ ಹೊಡೆಸಿಕೊಂಡು ಬಂದವನು ಜಪಾನಿನವನಲ್ಲ, ಹೋಬಳಿ ಕಚೇರಿಯ ಗುಮಾಸ್ತ ಮನ್ಸೋಕ್, ನನ್ನ ಗಂಡನ ಚಿಕ್ಕಪ್ಪನ ಮಗ, ಇದೇ ಮನೆಯಲ್ಲಿ ಉಂಡು ಬೆಳೆದವನು. ಅತ್ತೆ ಬಟ್ಟಲು, ಚಮಚಗಳನ್ನೆಲ್ಲ ಥಳಥಳ ಹೊಳೆಯುವಂತೆ ತಿಕ್ಕಿ ಅಂಗಳದಲ್ಲಿ ಹರವಿದರು. ಬದಲಿಗೆ ಅವನು ಪಿಂಗಾಣಿ ಬಟ್ಟಲುಗಳನ್ನು ಕೊಟ್ಟ. ಅತ್ತೆ ಒಂದನ್ನು ಮೀಟಿದರು.

"ಮೂಕ. ನೀವು ಯುದ್ಧ ಗೆದ್ದಮೇಲೆ ಮಾತು ಬರ್ತದೇನೋ ಬಿಡು."

"ದೊಡ್ಡಮ್ಮ, ಅಜ್ಜನ ಬಟ್ಟಲು ಕಾಣಿಸ್ತಿಲ್ಲ," ಎಂದ ಮನ್ಸೋಕ್. ಹಬ್ಬದ ದಿನ ತೀರಿಕೊಂಡ ಹಿರಿಯರಿಗೆ ಅನ್ನವಿಡುವ ದೊಡ್ಡ ಬಟ್ಟಲದು. ಅದನ್ನು ಅವನು ಮರೆಯುವಂತಿರಲಿಲ್ಲ.

"ಹೊಳೇಲಿ ತೊಳೆಯೋವಾಗ ಕೊಚ್ಕೊಂಡು ಹೋಯ್ತಪ್ಪ."

ಅವನು ನಂಬಲಿಲ್ಲ. ಕಾದ. ಊರಿನ ಉಳಿದ ಮನೆಗಳವರು ತಮ್ಮ ಹಿರಿಯರ ಬಟ್ಟಲನ್ನು ಬಾವಿಗೋ ತಿಪ್ಪೆಗೋ ಕಿಮ್ಚಿ ಉಪ್ಪಿನಕಾಯಿಯ ಜಾಡಿಯ ತಳಕ್ಕೋ ಸೇರಿಸಿದ್ದರು. ಬಚ್ಚಿಟ್ಟ ಕಂಚಿಗೆ ಕಿಲುಬು ಹತ್ತದೆ ಇರುತ್ತದೆಯೇ? ಸುಗ್ಗಿ ಹುಣ್ಣಿಮೆಯ ಹಬ್ಬದಲ್ಲಿ ಹಿರಿಯರ ಮುಂದೆ ಕಿಲುಬಿನ ಬಟ್ಟಲಿಡಲು ನಮ್ಮ ಯಾವ ಹೆಣ್ಣಿನ ಮನಸ್ಸು ಒಪ್ಪೀತು? ಮುನ್ನಾದಿನ ಎಲ್ಲರೂ ಕದ್ದು ತೆಗೆದು ತಿಕ್ಕಿದರು. ನಮ್ಮವನೇ ಆದ್ದರಿಂದ ಇದನ್ನು ಬಲ್ಲ ಮನ್ಸೋಕ್ ಅಂದೇ ಬಂದ. ಏನೂ ಹುಡುಕಲಿಲ್ಲ, ಮನೆಮನೆಯ ಬಾಗಿಲಲ್ಲಿ ನಿಂತು "ಅತ್ತಿಗೆ, ಕೈ ತೋರಿಸಿ" ಎಂದ, ಅಷ್ಟೆ. ಪಕ್ಕದ ಮನೆಯಾಕೆಯ ಅಂಗೈ ಕಪ್ಪಾಗಿತ್ತು, ಆ ಮನೆಯಿಂದ ಬಟ್ಟಲೂ ಹೋಯಿತು, ಬಟ್ಟಲಿನ ಹಿಂದೆ ಯಜಮಾನನೂ ಠಾಣೆಗೆ ಹೋದ.

ನಮ್ಮತ್ತೆ ಕೇಳುವ ಮೊದಲೇ ಎರಡೂ ಕೈ ಚಾಚಿದರು. ಕಂಚು ಹೋದಂದಿನಿಂದ ಏನನ್ನೂ ತಿಕ್ಕದ ಕೈ, ಬೇಯಿಸಿದ ಮೂಲಂಗಿಯಷ್ಟು ಬಿಳಿ. ಆ ಅಂಗೈಯಲ್ಲಿ ಗೆರೆಗಳಿವೆಯೆಂದು ನಾನು ಕಂಡದ್ದೇ ಅಂದು. ಮನ್ಸೋಕ್ ಜಾಡಿಗಳಿಗೆ ಸಲಾಕೆ ಇಳಿಸಿದ, ತಿಪ್ಪೆ ಕೆದಕಿದ, ಬೆವತು ಜಗಲಿಯ ಅಂಚಿಗೆ ಕೂತ. ಅವನ ಬೂಟಿನ ಪಕ್ಕದಲ್ಲೇ ಕೋಳಿಗಳು ಮಣ್ಣು ಮೆತ್ತಿದ ಕರಿ ಪಾತ್ರೆಯೊಂದರಲ್ಲಿ ತೌಡು ಹೆಕ್ಕುತ್ತಿದ್ದವು. ಅತ್ತೆ ಬಗ್ಗಿ ಅದಕ್ಕೆ ಇನ್ನೊಂದು ಹಿಡಿ ತೌಡು ಹಾಕಿ, ಹಾಕುತ್ತಲೇ ನನ್ನನ್ನು ನೋಡಿದರು. ಅದು ಯಾವ ಪಾತ್ರೆಯೆಂದು ನನಗೆ ಹೊಳೆದದ್ದು ಆಗಲೇ.

ಅವನು ಹೋದಮೇಲೆ ಜಗಳಕ್ಕೇ ನಿಂತೆ. "ಹಿರೀಕರ ಬಟ್ಟಲಲ್ಲಿ ಕೋಳಿ ತಿನ್ನೋದಾ ಅತ್ತೆ?"

"ಕೋಳಿ ತಿಂದು ಬಟ್ಟಲು ಬಿಟ್ಟು ಹೋಗ್ತದೆ. ಇವರು ಬಿಡ್ತಾರಾ?"

ಮಾರನೆಯ ಬೆಳಗ್ಗೆ ಅದರ ಒಳಗನ್ನು ಮಾತ್ರ ಕುದಿನೀರಿನಲ್ಲಿ ತೊಳೆದು, ಹೊರಗಿನ ಕರಿಯನ್ನು ಹಾಗೆಯೇ ಬಿಟ್ಟು, ಹೊಸ ಅಕ್ಕಿಯ ಅನ್ನ ತುಂಬಿ, ಹಿರಿಯರು ಉಣ್ಣಲೆಂದು ಚಮಚ ನೆಟ್ಟು ಅವರ ಮುಂದಿಟ್ಟರು. ಮೊಮ್ಮಗನಾದ್ದರಿಂದ ಮನ್ಸೋಕನೂ ಬಂದು ಎಲ್ಲರ ಜೊತೆ ಅಡ್ಡಬಿದ್ದ. ಪ್ರಸಾದದ ಊಟಕ್ಕೆ ಕೂತಾಗ ಅತ್ತೆ ಆ ಬಟ್ಟಲನ್ನೇ ಒಯ್ದು ಅವನ ಕೈಗೆ ಕೊಟ್ಟರು. ಭಾರ ಅಂಗೈಗೆ ತಾಗಿದ್ದೇ ಅವನ ಮುಖ ಬಿಳಿಚಿತು.

"ತಿನ್ನು. ನಿಮ್ಮಜ್ಜ ಉಂಡು ಉಳಿಸಿದ್ದು."

ಅದನ್ನು ಬೇಡವೆನ್ನುವ ಧೈರ್ಯ ಯಾವ ಮೊಮ್ಮಗನಿಗಿದೆ? ತಲೆ ತಗ್ಗಿಸಿ ಅಷ್ಟನ್ನೂ ತಿಂದ. ಬಟ್ಟಲು ಬರಿದಾದ ಮೇಲೆ ಅತ್ತೆ ಉಗುರಿನಿಂದ ಮೀಟಿದರು. ಅಷ್ಟು ಕೊಳೆಯ ಒಳಗಿನಿಂದ ಆ ಕಂಚು ದನಿಯೆತ್ತಿತು. ಅದು ಅಡಗುವವರೆಗೂ ಅವರು ತಲೆ ವಾಲಿಸಿ ಆಲಿಸಿದರು.

"ಮಾತಾಡ್ತದೆ," ಎಂದರು ಅತ್ತೆ. "ಬೇಕಾದ್ರೆ ತಗೊಂಡು ಹೋಗು. ಮುಂದಿನ ಹಬ್ಬಕ್ಕೆ ಎಲ್ಲಿ ಉಣ್ಣಬೇಕು ಅಂತ ನಿಮ್ಮಜ್ಜನಿಗೆ ನೀನೇ ಹೇಳ್ಬಿಡು."

ಮನ್ಸೋಕ್ ಬಟ್ಟಲು ಹಿಡಿದು ಎದ್ದು ಅಂಗಳಕ್ಕಿಳಿದ. ನನ್ನ ಗಂಡ ಏಳಹೊರಟರೆ ಅತ್ತೆ ಕೈಸನ್ನೆಯಿಂದಲೇ ಕೂರಿಸಿದರು. ಮನ್ಸೋಕ್ ಮೂಲೆಯ ಚೀಲದಿಂದ ಒಂದು ಹಿಡಿ ತೌಡು ತೆಗೆದು, ಬಟ್ಟಲಿಗೆ ಹಾಕಿ, ಕೋಳಿಗಳ ಮುಂದಿಟ್ಟು, ಬೂಟು ಮೆಟ್ಟಿಕೊಂಡು ಹೊರಟುಹೋದ.

ಕಸಿಯಲು ಬಂದವರ ಮುಂದೆ ಕೂಗಾಡಿದವರನ್ನು ಕಂಡಿದ್ದೇನೆ, ಕಾಲು ಹಿಡಿದವರನ್ನೂ ಕಂಡಿದ್ದೇನೆ, ಅವರಲ್ಲಿ ಯಾರನ್ನೂ ಹಳಿಯಲಾರೆ. ನಮ್ಮತ್ತೆಯಂಥವರ ಜಾತಿಯೇ ಬೇರೆ. ಕೊಡುವಾಗ ಅಂಗಳ ತುಂಬ ಕೊಟ್ಟುಬಿಡುತ್ತಾರೆ. ಆದರೆ ತಮ್ಮದು ಯಾವುದೆಂಬ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನವಿಲ್ಲ, ಆದ್ದರಿಂದಲೇ ಅದನ್ನು ಕೋಳಿಗಳ ಮುಂದಿಟ್ಟು, ಕೈ ತೊಳೆದುಕೊಂಡು, ನೆಮ್ಮದಿಯಾಗಿ ಕಾಯಬಲ್ಲರು.