ಅಮ್ಮ ಬಂದಾಗ ಸುಗುಣಳ ಹೊಟ್ಟೆಯ ಮೇಲೆ

ನಾನು ಒಂದು ಬಿಸಿನೀರಿನ ಚೀಲ. ಕಾರ್ಖಾನೆಯ ಅಚ್ಚಿನಲ್ಲಿ ಬೆಂದು ಹುಟ್ಟಿದವನು, ಕಾವಿಗೆ ಹೆದರುವ ಪೈಕಿಯವನಲ್ಲ. ಮೊದಲು ನಂಜನಗೂಡಿನ ನಿವೃತ್ತ ಮೇಷ್ಟ್ರೊಬ್ಬರ ಮೊಣಕಾಲ ಮೇಲೆ ಕೂತು ಅವರ ಗೊಣಗಾಟ ಕೇಳುತ್ತಿದ್ದೆ. ಆಪರೇಷನ್ ಆಗಿ ಕಾಲು ನೆಟ್ಟಗಾದ ಮೇಲೆ ಅವರು ನನ್ನನ್ನು ಪಕ್ಕದ ಮನೆಯ ಸುಗುಣಳಿಗೆ ಕೊಟ್ಟರು.

ಸುಗುಣ ಬಟ್ಟೆ ಹೊಲಿಯುವವಳು. ಅವಳ ದೊಡ್ಡ ಕರುಳಿನಲ್ಲಿ ವಾಸಿಯಾಗದ ಹುಣ್ಣು. ನೋವು ಬಂದಾಗ ನನ್ನನ್ನು ಹೊಟ್ಟೆಗೆ ಅವುಚಿಕೊಂಡು ಮಲಗುತ್ತಿದ್ದಳು. ಹುಣ್ಣು ಕೆರಳದಿರಲೆಂದು ಡಾಕ್ಟರು ಕೊಟ್ಟ ಮಾತ್ರೆ ಮೈಯ ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತಿತ್ತು. "ಜ್ವರ ಬಂದ್ರೆ, ಮೈ ಮೇಲೆ ಗುಳ್ಳೆ ಎದ್ರೆ ತಕ್ಷಣ ಬನ್ನಿ" ಎಂದು ಅವರು ಎಚ್ಚರಿಸಿದ್ದರು.

ಬೇಸಿಗೆಯಲ್ಲಿ ಗುಳ್ಳೆ ಎದ್ದೇಬಿಟ್ಟವು. ಅತ್ತೆ ಮಾದೇವಮ್ಮ ಕಂಡೊಡನೆ ಕೈ ಮುಗಿದರು. ನಮ್ಮ ಕಡೆ ಚಿಕನ್‌ಪಾಕ್ಸನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅಮ್ಮ ಬಂದರು ಎನ್ನುತ್ತಾರೆ. ಅಮ್ಮ ಇರುವವರೆಗೆ ಮನೆಯಲ್ಲಿ ಒಗ್ಗರಣೆ ಇಲ್ಲ, ಔಷಧಿ ಇಲ್ಲ. ಸೊಸೆಯನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಬಿಸಿ ಕೂಡದೆಂದು ನನ್ನೊಳಗೆ ಮಡಕೆಯ ತಣ್ಣೀರು ತುಂಬಿದರು. ಆ ನೀರು ಅವಳ ಹೊಟ್ಟೆಯ ಮೇಲೆ ನೋಡನೋಡುತ್ತ ಕಾಯಿತು. ನನಗೆ ಭಯವಾಯಿತು. ಬಾಯಿ ಇದ್ದೇನು ಬಂತು, ಬಿರಡೆ ಹಾಕಿರುತ್ತಾರಲ್ಲ!

ರಕ್ತಪರೀಕ್ಷೆಗೆ ಬರಲಿಲ್ಲವೆಂದು ಆಸ್ಪತ್ರೆಯಿಂದ ಲಿಸ್ಸಿ ಸಿಸ್ಟರ್ ಫೋನ್ ಮಾಡಿದರು. ಅವರು ಕೇರಳದವರು. ಮಾದೇವಮ್ಮನಿಗೆ ಕಿವಿ ಮಂದ, ಫೋನ್ ಯಾವಾಗಲೂ ಸ್ಪೀಕರ್‌ನಲ್ಲೇ.

"ಅಮ್ಮ ಬಂದವ್ರೆ ಕಣವ್ವ. ಅವ್ರು ಹೋದ್ಮೇಲೆ ಬತ್ತೀವಿ."

"ಅಮ್ಮ ಬಂದ್ರಾ? ಒಳ್ಳೇದಾಯ್ತು. ಅವರು ನೋಡ್ಕೊಳ್ತಾರೆ."

"ಇನ್ಯಾರವ್ವ ನೋಡ್ಕಳೋರು?"

ಇಬ್ಬರೂ ಸಮಾಧಾನದಿಂದ ಮಾತು ಮುಗಿಸಿದರು. ಇಬ್ಬರ ಅಮ್ಮನೂ ಬೇರೆ ಬೇರೆ ಎಂದು ಗೊತ್ತಾದ ನನಗೊಬ್ಬನಿಗೇ ಜೀವ ಹೋದಂತಾಯಿತು.

ಮರುದಿನ ಸುಗುಣಳಿಗೆ ಮೇಲುಸಿರು ಹತ್ತಿತು. ಹೊಟ್ಟೆ ಏರಿಳಿಯುವ ರಭಸಕ್ಕೆ ನಾನು ಜಾರಿ ನೆಲಕ್ಕೆ ಬಿದ್ದೆ. "ಅತ್ತೆ, ಆಗ್ತಿಲ್ಲ" ಎಂದಳು. ಅತ್ತೆ ದೇವರ ಮುಂದೆ ಕೂತು ಅಳುತ್ತಿದ್ದರು. ಆಗ ಮತ್ತೆ ಲಿಸ್ಸಿ ಸಿಸ್ಟರ್ ಫೋನು.

"ಮಾತ್ರೆ ವಿಷಯ ಹೇಳಬೇಕಿತ್ತು. ಅಮ್ಮನಿಗೆ ಫೋನ್ ಕೊಡಿ."

ಮಾದೇವಮ್ಮ ಬೆಚ್ಚಿದರು. "ಅಯ್ಯೋ! ಅಮ್ಮಂಗೆ ಹೆಂಗವ್ವ ಫೋನ್ ಕೊಡದು? ಸೊಸೆ ಮೈ ತುಂಬ ಎದ್ದವ್ರಲ್ಲ!"

ಸಿಸ್ಟರ್ ಕೂಗಿಕೊಂಡರು: "ಗುಳ್ಳೆಯಾ? ಈಗಲೇ ಕರ್ಕೊಂಡು ಬನ್ನಿ! ತಡ ಮಾಡಿದ್ರೆ ಉಳಿಯಲ್ಲ!"

ಮಾದೇವಮ್ಮ ಸೊಸೆಯನ್ನು ಬೇವಿನ ಸೊಪ್ಪಿನ ಸಮೇತ ಆಟೋ ಹತ್ತಿಸಿದರು. ನನ್ನನ್ನೂ ಕಂಕುಳಲ್ಲಿ ಇರುಕಿಕೊಂಡರು. ವೈರಸ್ಸು ಶ್ವಾಸಕೋಶಕ್ಕೆ ಇಳಿದಿದೆ ಎಂದರು ಡಾಕ್ಟರು. ಅಮ್ಮ ಇನ್ನೂ ಮೈ ಮೇಲಿರುವಾಗಲೇ ಡ್ರಿಪ್ ಹಾಕಬೇಕು. ಲಿಸ್ಸಿ ಸಿಸ್ಟರ್ ಸೂಜಿ ಹಿಡಿದು ಮಾದೇವಮ್ಮನ ಮುಖ ನೋಡಿದರು. ಮುದುಕಿ ಸೊಸೆಯ ಕೈಗೆ ಅಂಟಿದ್ದ ಬೇವಿನ ಎಲೆ ಬಿಡಿಸಿ ಸೂಜಿಗೆ ಜಾಗ ಮಾಡಿದರು.

"ಚುಚ್ಚವ್ವ" ಎಂದರು. "ಅಮ್ಮ ಮುನುಸ್ಕಂಡ್ರೆ ನನ್ಮೇಲೆ ಮುನುಸ್ಕಳ್ಲಿ."

ಸುಗುಣ ಉಳಿದಳು. ಕರುಳಿನ ಹುಣ್ಣು ಹೋಗಲಿಲ್ಲ, ಮಾತ್ರೆಯೂ ನಿಲ್ಲಲಿಲ್ಲ. ನನಗೆ ವಯಸ್ಸಾಯಿತು, ರಬ್ಬರ್ ಬಿರಿದು ನೀರು ಒಸರುತ್ತದೆಂದು ಬಚ್ಚಲ ಮೊಳೆಗೆ ನೇತುಹಾಕಿದ್ದಾರೆ. ಅವಳ ಹೊಟ್ಟೆಯ ಮೇಲೆ ಈಗ ಕರೆಂಟಿನ ಹೊಸ ಚೀಲ. ಅದಕ್ಕೆ ತನ್ನ ಕಾವೇ ಹೆಚ್ಚು. ಅವಳ ಮೈ ಮತ್ತೊಮ್ಮೆ ಕಾದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.